ಉಬ್ಬಿದ ಬಾಗಿಲಂಚಿಗೆ ಸಣ್ಣ ಕೀಸುಳಿ: ಹಾಸು, ತಳ, ಬಾಯಿ ತಿದ್ದಿದ ಒಂದು ಪ್ರಕರಣ

ಮಳೆಗಾಲದಲ್ಲಿ ಮರ ನೀರು ಹೀರಿ ಬಾಗಿಲು ಚೌಕಟ್ಟಿಗೆ ಹಿಡಿಯುತ್ತದೆ. ಅಂಚನ್ನು ಒಂದೆರಡು ಮಿಲಿಮೀಟರ್ ಇಳಿಸಿದರೆ ಸಾಕು, ಆದರೆ ಅದಕ್ಕೆ ಉದ್ದದ ಕೀಸುಳಿ ಹಿಡಿಯಲು ಜಾಗವಿರುವುದಿಲ್ಲ. ಒಂದೇ ಅಂಗೈಯಲ್ಲಿ ಹಿಡಿದು ನಡೆಸುವ ಬೀಡುಕಬ್ಬಿಣದ ಸಣ್ಣ ಕೀಸುಳಿ ಬೇಕು. ಅಂಗಡಿಯಲ್ಲಿ ಇದನ್ನು ಬ್ಲಾಕ್ ಪ್ಲೇನ್ ಎಂದೇ ಕೇಳುತ್ತಾರೆ.

ಇಲ್ಲಿ ಪರಿಶೀಲಿಸಿದ ಉಪಕರಣ ಸ್ಟಾನ್ಲಿ 110 ಮಾದರಿಯ ಅಗ್ಗದ ನಕಲು. ಅಮೆರಿಕದ ಸ್ಟಾನ್ಲಿ ಕಂಪನಿ ಮೂಲ ಮಾದರಿಯನ್ನು 1870ರ ದಶಕದಿಂದ ಸುಮಾರು ನೂರು ವರ್ಷ ತಯಾರಿಸಿತು. ಅದನ್ನು ನಕಲು ಮಾಡದ ದೇಶ ಕಡಿಮೆ. ರಚನೆ ಬಹಳ ಸರಳ: ಸುಮಾರು 7 ಇಂಚಿನ ಒಡಲು, 41 ಮಿ.ಮೀ. ಅಗಲದ ಅಲಗು, ಅಲಗು ಕೂರುವ ಹಾಸಿಗೆ 20 ಡಿಗ್ರಿ ಇಳಿಜಾರು. ಅಲಗನ್ನು ಏರಿಸಿ ಇಳಿಸಲು ತಿರುಪಿಲ್ಲ, ಸುತ್ತಿಗೆಯಿಂದ ತಟ್ಟಿಯೇ ಹೊಂದಿಸಬೇಕು. ಬಾಯಿಯನ್ನು, ಅಂದರೆ ಅಲಗಿನ ಅಂಚು ಹೊರಬರುವ ತಳದ ಸೀಳನ್ನು, ಹಿರಿದು ಕಿರಿದು ಮಾಡುವ ವ್ಯವಸ್ಥೆಯೂ ಇಲ್ಲ. ಅಲಗಿನ ಮೇಲೆ ಲಿವರ್ ಕ್ಯಾಪ್ ಕೂರುತ್ತದೆ. ಅದರ ಹಿಂಬದಿಯ ಗುಂಡು ತಿರುಪನ್ನು ಬಿಗಿದರೆ ಕ್ಯಾಪಿನ ಮೂತಿ ಅಲಗನ್ನು ಹಾಸಿಗೆ ಒತ್ತಿ ಹಿಡಿಯುತ್ತದೆ.

ಸಾಮಾನ್ಯ ದೊಡ್ಡ ಕೀಸುಳಿಗೂ ಇದಕ್ಕೂ ಒಂದು ದೊಡ್ಡ ವ್ಯತ್ಯಾಸವಿದೆ. ಇದರಲ್ಲಿ ಸಾಣೆ ಹಿಡಿದ ಓರೆ ಮುಖ ಮೇಲಕ್ಕಿರುತ್ತದೆ, ಚಪ್ಪಟೆ ಬೆನ್ನು ಹಾಸಿನ ಮೇಲೆ ಕೂರುತ್ತದೆ. ಹಾಗಾಗಿ ಕೊಯ್ಯುವ ಅಂಚು ಹಾಸಿನ ಮಟ್ಟದಲ್ಲೇ ಇರುತ್ತದೆ. ಮುಂದೆ ಬರುವ ಎಲ್ಲ ಲೆಕ್ಕವೂ ಇದರ ಮೇಲೆಯೇ ನಿಂತಿದೆ.

ದೂರುಗಳು

ಕೆಲಸ ತೇಗದ ಬಾಗಿಲೊಂದರ ಮೇಲಂಚು ಮತ್ತು ಬೀಗದ ಕಡೆಯ ಅಂಚು ಇಳಿಸುವುದು, ಅದರ ಸುತ್ತ ಕೂರುವ ಬೀಟೆ ಪಟ್ಟಿಗಳ ಅಂಚಿನ ಚೂಪು ಮುರಿಯುವುದು. ಹೊಸ ಕೀಸುಳಿಯನ್ನು ಪೆಟ್ಟಿಗೆಯಿಂದ ತೆಗೆದು ಅಲಗಿಗೆ ಚೆನ್ನಾಗಿ ಸಾಣೆ ಹಿಡಿದ ಮೇಲೂ ನಾಲ್ಕು ತೊಂದರೆ ಉಳಿದವು.

ಬಾಗಿಲಿನ ಬದಿಯ ನಿಲುಪಟ್ಟಿಯ ತುದಿಯಲ್ಲಿ, ಅಂದರೆ ಮರವನ್ನು ಅಡ್ಡ ಕೊಯ್ದ ಮುಖದಲ್ಲಿ, ಅಲಗು ಕಟಕಟ ಎಂದು ಕುಣಿದು ಸಾಲು ಸಾಲು ಅಡ್ಡಗೆರೆ ಬಿಡುತ್ತಿತ್ತು. ಸುರುಳಿಯ ಬದಲು ಪುಡಿ ಉದುರುತ್ತಿತ್ತು. ಬೀಟೆಯಲ್ಲಿ ಎಳೆ ತಿರುಗುವ ಕಡೆಯೆಲ್ಲ ನಾರು ಕಿತ್ತು ಬರುತ್ತಿತ್ತು. ಸ್ವಲ್ಪ ದಪ್ಪ ತೆಗೆಯಲು ಹೋದರೆ ಬಾಯಿಯಲ್ಲಿ ಸುರುಳಿ ಸಿಕ್ಕಿ ಗಂಟು ಕಟ್ಟುತ್ತಿತ್ತು. ನಾಲ್ಕನೆಯದು ಸಣ್ಣದಾಗಿ ಕಂಡರೂ ಎಲ್ಲದರ ಸುಳಿವು ಅದರಲ್ಲೇ ಇತ್ತು: ಅಲಗನ್ನು ಎಷ್ಟೇ ನೇರವಾಗಿ ಹೊಂದಿಸಿದರೂ ಕ್ಯಾಪ್ ಬಿಗಿದಾಗ ಅದು ಎಡಕ್ಕೆ ವಾಲುತ್ತಿತ್ತು.

ಇಂಥ ದೂರು ಬಂದಾಗ ಹೆಚ್ಚಿನವರು ಮೊದಲು ಕೈಹಾಕುವುದು ತಳಕ್ಕೆ. ಗಾಜಿನ ಮೇಲೆ ಎಮರಿ ಕಾಗದ ಅಂಟಿಸಿ ತಳವನ್ನು ಕನ್ನಡಿಯಂತೆ ಮಾಡುತ್ತಾರೆ. ನೋಡಲು ಚೆಂದ ನಿಜ, ಕುಣಿತ ಮಾತ್ರ ಹಾಗೇ ಉಳಿಯುತ್ತದೆ. ಕುಣಿಯುವುದು ಅಲಗು, ತಳವಲ್ಲ. ಅಲಗು ಯಾವುದರ ಮೇಲೆ ಕೂತಿದೆ ಎಂಬುದನ್ನು ಮೊದಲು ನೋಡಬೇಕು.

20 ಡಿಗ್ರಿಯ ಲೆಕ್ಕ

ಕೈಹಾಕುವ ಮೊದಲು ಕಾಗದದ ಮೇಲೆ ಒಂದು ಲೆಕ್ಕ ಮಾಡಿಕೊಳ್ಳುವುದು ಒಳ್ಳೆಯದು. ಹಾಸು 20 ಡಿಗ್ರಿಯಷ್ಟು ಮಲಗಿರುವುದರಿಂದ ಹಾಸಿನಲ್ಲಿ ಆಗುವ ಚಿಕ್ಕ ಬದಲಾವಣೆ ಬಾಯಿಯ ಬಳಿ ಸುಮಾರು ಮೂರು ಪಟ್ಟಾಗಿ ಕಾಣುತ್ತದೆ. ಹಾಸಿನ ದಪ್ಪವನ್ನು 0.1 ಮಿ.ಮೀ. ಇಳಿಸಿದರೆ ಅಲಗಿನ ಅಂಚು 0.29 ಮಿ.ಮೀ. ಹಿಂದೆ ಸರಿಯುತ್ತದೆ, ಏರಿಸಿದರೆ ಅಷ್ಟೇ ಮುಂದೆ ಬರುತ್ತದೆ. ದಪ್ಪವನ್ನು 20 ಡಿಗ್ರಿಯ ಸೈನ್ ಬೆಲೆ 0.342ರಿಂದ ಭಾಗಿಸಿದರೆ ಈ ಅಂಕಿ ಸಿಗುತ್ತದೆ. ತಳವನ್ನು ಉಜ್ಜಿದರೂ ಬಾಯಿ ಹಿರಿದಾಗುತ್ತದೆ. ಅಲಗು ಹಿಂದಕ್ಕೆ ಏರುತ್ತ ಹೋಗುವುದರಿಂದ ತಳ 0.1 ಮಿ.ಮೀ. ಸವೆದರೆ ಬಾಯಿ 0.27 ಮಿ.ಮೀ. ತೆರೆದುಕೊಳ್ಳುತ್ತದೆ. ಇಲ್ಲಿ ಭಾಗಿಸಬೇಕಾದ್ದು ಟ್ಯಾಂಜೆಂಟ್ ಬೆಲೆ 0.364ರಿಂದ.

45 ಡಿಗ್ರಿಯ ದೊಡ್ಡ ಕೀಸುಳಿಯಲ್ಲಿ ಹಾಸಿನ 0.1 ಮಿ.ಮೀ. ಬಾಯಲ್ಲಿ ಬರೀ 0.14 ಆಗುತ್ತದೆ, ಆದ್ದರಿಂದ ಅಲ್ಲಿ ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. 12 ಡಿಗ್ರಿಯ ಹಾಸಿರುವ ಬ್ಲಾಕ್ ಪ್ಲೇನಿನಲ್ಲಿ ಅದೇ 0.1 ಸುಮಾರು 0.48 ಆಗುತ್ತದೆ.

ಕೆಲಸದ ಕ್ರಮವನ್ನು ಈ ಲೆಕ್ಕವೇ ಹೇಳುತ್ತದೆ: ಮೊದಲು ಹಾಸು, ಆಮೇಲೆ ತಳ, ಕಡೆಗೆ ಬಾಯಿ. ಬಾಯಿಯನ್ನು ಮೊದಲೇ ಅಳೆದು ತಿದ್ದಿ ಆಮೇಲೆ ತಳ ಉಜ್ಜಿದವರು ತಿದ್ದಿದ್ದನ್ನು ತಾವೇ ಕೆಡಿಸಿಕೊಳ್ಳುತ್ತಾರೆ.

ಅಳತೆ

ಫೀಲರ್ ಗೇಜಿನ ಎಲೆಗಳನ್ನು (ಸಂದಿ ಅಳೆಯುವ, ಗೊತ್ತಾದ ದಪ್ಪದ ತೆಳು ಉಕ್ಕಿನ ಪಟ್ಟಿಗಳು) ಅಲಗಿನ ಅಂಚು ಮತ್ತು ಬಾಯಿಯ ಮುಂಗೋಡೆಯ ನಡುವೆ ತೂರಿಸಿ ನೋಡಿದಾಗ ಬಾಯಿ 0.8 ಮಿ.ಮೀ. ಇತ್ತು. ಅಳೆಯುವಾಗ ಅಲಗಿನ ಅಂಚು ತಳದ ಮಟ್ಟಕ್ಕೆ ಸರಿಯಾಗಿರಬೇಕು, ಕ್ಯಾಪ್ ಕೆಲಸದ ಬಿಗಿಯಲ್ಲೇ ಇರಬೇಕು. ತಳದ ಮೇಲೆ ಸ್ಟೀಲ್ ಸ್ಕೇಲನ್ನು ಅಂಚಿನ ಮೇಲೆ ನಿಲ್ಲಿಸಿ ಬೆಳಕಿಗೆ ಹಿಡಿದಾಗ ತಳದ ಮುಂತುದಿಯಾದ ಮೂತಿಯೂ ಹಿಂತುದಿಯಾದ ಹಿಮ್ಮಡಿಯೂ ತಾಗುತ್ತಿದ್ದವು. ಬಾಯಿಯ ಮುಂದಿನ ಪಟ್ಟಿಯಲ್ಲಿ ಮಾತ್ರ 0.05ರ ಎಲೆ ಸಲೀಸಾಗಿ ತೂರುತ್ತಿತ್ತು. ತಳ ತಗ್ಗಾಗಿರಲೇಬಾರದ ಜಾಗವೊಂದಿದ್ದರೆ ಅದು ಇದೇ. ಅಲಗು ನಾರನ್ನು ಎತ್ತುವ ಮುನ್ನ ಅದನ್ನು ಅದುಮಿ ಹಿಡಿಯಬೇಕಾದ ಪಟ್ಟಿ ಮರಕ್ಕೆ ತಾಗುವುದೇ ಇಲ್ಲ ಎಂದಾಯಿತು.

ಹಾಸಿನ ಸ್ಥಿತಿ ಕಣ್ಣಿಗೆ ತಿಳಿಯದು. ಅದಕ್ಕೆ ಕಾಡಿಗೆ ಬೇಕು. ಹರಳೆಣ್ಣೆಯಲ್ಲಿ ಕಲಸಿದ ಕಾಡಿಗೆಯನ್ನು ಅಲಗಿನ ಬೆನ್ನಿಗೆ ಬೆರಳಿನಿಂದ ತೀರ ತೆಳ್ಳಗೆ ಸವರಿ, ಅಲಗನ್ನು ಕೂರಿಸಿ, ಕ್ಯಾಪ್ ಬಿಗಿದು, ಒಂದು ಕೂದಲೆಳೆಯಷ್ಟು ಹಿಂದೆ ಮುಂದೆ ಆಡಿಸಿ ತೆಗೆದರೆ ಹಾಸಿನ ಯಾವ ಭಾಗ ತಾಗುತ್ತಿದೆ ಎಂಬುದು ಕಪ್ಪಾಗಿ ಮೂಡುತ್ತದೆ. ಎಂಜಿನಿಯರಿಂಗ್ ಶಾಪಿನಲ್ಲಿ ಇದಕ್ಕೆ ನೀಲಿ ಬಣ್ಣ ಬಳಸುತ್ತಾರೆ, ಕೆಲಸ ಒಂದೇ. ಕಾಡಿಗೆ ದಪ್ಪವಾದರೆ ತಾಗದ ಕಡೆಗೂ ಅಂಟಿಕೊಂಡು ಸುಳ್ಳು ಹೇಳುತ್ತದೆ.

ಈ ಕೀಸುಳಿಯಲ್ಲಿ ಅಲಗಿಗೆ ಆಸರೆ ಎರಡೇ ಕಡೆ: ಬಾಯಿಯ ಹಿಂದಿನ ಸುಮಾರು 8 ಮಿ.ಮೀ. ಅಗಲದ ಇಳಿಜಾರು ಪಟ್ಟಿ, ಮತ್ತು ಹಿಂದಿನ ಎತ್ತರದ ಆಸರೆ. ಮುಂದಿನ ಪಟ್ಟಿಯಲ್ಲಿ ಕಪ್ಪು ಮೂಡಿದ್ದು ಹಿಂಬದಿಯ ಅಂಚಿನಲ್ಲಿ, ಅದೂ ಬಲ ಮೂಲೆಯಲ್ಲಿ ಮಾತ್ರ. ಕಾರ್ಖಾನೆಯಲ್ಲಿ ಬಳಿದ ಬಣ್ಣ ಅಲ್ಲಿ ಗಡ್ಡೆ ಕಟ್ಟಿತ್ತು. ಅಂದರೆ 2 ಮಿ.ಮೀ. ದಪ್ಪದ ಅಲಗು ಕೊನೆಯ 6 ಮಿ.ಮೀ. ಉದ್ದಕ್ಕೆ ಗಾಳಿಯಲ್ಲಿತ್ತು. ಗಟ್ಟಿ ಅಡ್ಡತುದಿಗೆ ತಾಗಿದಾಗ ಅಂಚು ಕೆಳಕ್ಕೆ ಬಾಗಿ ಇನ್ನಷ್ಟು ಕಚ್ಚುತ್ತದೆ, ತಾಳಲಾರದೆ ಚಿಮ್ಮಿ ಮೇಲೇಳುತ್ತದೆ, ಮತ್ತೆ ಬಾಗುತ್ತದೆ. ಅಡ್ಡಗೆರೆಗಳು ಹುಟ್ಟಿದ್ದು ಹೀಗೆ. ಒಂದೇ ಮೂಲೆಯ ಮೇಲೆ ನಿಂತ ಅಲಗು ಬಿಗಿದಾಗ ವಾಲಿದ್ದರಲ್ಲೂ ಆಶ್ಚರ್ಯವಿಲ್ಲ.

ಹಾಸು ತಿದ್ದುವುದು

ಬಣ್ಣವನ್ನು ಮೊದಲು ಪೇಂಟ್ ರಿಮೂವರ್ ಹಚ್ಚಿ, ಹಳೆಯ ಉಳಿಯಿಂದ ಕೆರೆದು ತೆಗೆಯಬೇಕು. ಅರದಿಂದ ಬಣ್ಣ ಉಜ್ಜಲು ಹೋದರೆ ಹಲ್ಲು ತುಂಬಿಕೊಂಡು ಅರ ಜಾರುತ್ತದೆ.

ಲೋಹ ಕಾಣಿಸಿದ ಮೇಲೆ ಎರಡು ದಾರಿಗಳಿವೆ. ಸಪೂರ ಚಪ್ಪಟೆ ಅರವನ್ನು ಹಿಂದಿನ ಆಸರೆಯ ಮೇಲೆ ಒರಗಿಸಿ, ಅದರ ಆಧಾರದಲ್ಲೇ ಮುಂದಿನ ಪಟ್ಟಿಯನ್ನು ಉಜ್ಜಬಹುದು. ಕೈ ಪಳಗಿದ್ದರೆ ಇದು ಬೇಗ ಮುಗಿಯುತ್ತದೆ, ಪಳಗದಿದ್ದರೆ ಪಟ್ಟಿಯ ಎರಡೂ ಅಂಚು ಇಳಿದು ನಡು ಉಬ್ಬುತ್ತದೆ. ಈ ಪ್ರಕರಣದಲ್ಲಿ ಎರಡನೆಯ ದಾರಿ ಹಿಡಿಯಲಾಯಿತು: ಬೆನ್ನು ಸಮತಟ್ಟಾಗಿರುವ ಹಳೆಯ ಅಲಗೊಂದನ್ನೇ ಅರ ಮಾಡಿಕೊಳ್ಳುವುದು. ಅದರ ಬೆನ್ನಿನ ಮುಂಭಾಗಕ್ಕೆ 10 ಮಿ.ಮೀ. ಅಗಲದ 120ನೇ ನಂಬರಿನ ಎಮರಿ ಪಟ್ಟಿಯನ್ನು ಡಬಲ್ ಸೈಡ್ ಟೇಪಿನಿಂದ ಅಂಟಿಸಿ, ಹಿಂದಿನ ಆಸರೆ ತಾಗುವ ಜಾಗಕ್ಕೂ ಅದೇ ಕಾಗದದ ತುಂಡನ್ನು ಒರಟು ಮುಖ ಒಳಗಾಗುವಂತೆ ಅಂಟಿಸಬೇಕು. ಎರಡೂ ಕಡೆ ಒಂದೇ ದಪ್ಪ ಬಿದ್ದರೆ ಕೋನ ಬದಲಾಗುವುದಿಲ್ಲ. ಹಿಂದಿನ ತುಂಡನ್ನು ಮರೆತರೆ ಅಲಗು ಮುಂದೆ ಎತ್ತರವಾಗಿ ಕೂತು ಪಟ್ಟಿಯ ಮುಂದಂಚನ್ನು ಬಿಟ್ಟು ಹಿಂಬದಿಯನ್ನೇ ಕೊರೆಯುತ್ತದೆ.

ಕ್ಯಾಪ್ ಇಲ್ಲದೆ, ಬೆರಳಿನಿಂದ ಪಟ್ಟಿಯ ಮೇಲೆ ಒತ್ತಿ, 5 ಮಿ.ಮೀ.ನಷ್ಟು ಹಿಂದೆ ಮುಂದೆ ಉಜ್ಜುವುದು. ಆಗಾಗ ಕಾಡಿಗೆ ಹಚ್ಚಿ ನೋಡುವುದು. ಇಡೀ ಪಟ್ಟಿ ಕಪ್ಪಾಗಬೇಕಿಲ್ಲ. ಬಾಯಿಯ ಕಡೆಯ 3 ಮಿ.ಮೀ. ಅಗಲ ಎಡದಿಂದ ಬಲಕ್ಕೆ ಬಿಡದೆ ತಾಗಿದರೆ, ಹಿಂದಿನ ಆಸರೆಯ ಎರಡು ಮೂಲೆಗಳೂ ತಾಗಿದರೆ ನಿಲ್ಲಿಸಬಹುದು. ಒಟ್ಟು ಸವೆದದ್ದು ಸುಮಾರು 0.05 ಮಿ.ಮೀ., ಬಾಯಿ ತೆರೆದುಕೊಂಡದ್ದು 0.15. ಅದರ ಲೆಕ್ಕ ಮುಂದೆ ಬೇಕಾಗುತ್ತದೆ.

ಕ್ಯಾಪಿನ ಮೂತಿಯೂ ಇದೇ ಸರದಿಯಲ್ಲಿ. ಎರಕದ ಗಂಟು, ಬಣ್ಣ ಎರಡೂ ಇದ್ದ ಮೂತಿಯನ್ನು ಗಾಜಿನ ಮೇಲಿನ 220ರ ಕಾಗದದ ಮೇಲೆ ಎಳೆದು ನೇರ ಮಾಡಿದ ಮೇಲೆ, ಅದರ ಮೇಲ್ಬದಿಯನ್ನು ಅರದಿಂದ ಗುಂಡಾಗಿಸಿ 400ರಲ್ಲಿ ನುಣುಪು ಮಾಡಲಾಯಿತು. ಮೂತಿ ಅಲಗಿಗೆ ಬಿಗಿಯಾಗಿ ಕೂರದಿದ್ದರೆ ಸುರುಳಿಯ ತುದಿ ಸಂದಿಗೆ ನುಗ್ಗುತ್ತದೆ. ಗಂಟು ಕಟ್ಟುವ ದೂರಿಗೆ ಅರ್ಧ ಕಾರಣ ಅಲ್ಲಿತ್ತು. ಸರಿಯಾಯಿತೇ ಎಂದು ತಿಳಿಯಲು ಪತ್ರಿಕೆ ಕಾಗದದ ಎರಡು ಸಣ್ಣ ಪಟ್ಟಿಗಳನ್ನು ಮೂತಿಯ ಎರಡು ಮೂಲೆಗಳಡಿ ಇಟ್ಟು ಬಿಗಿದು ಎಳೆಯಿರಿ. ಎರಡೂ ಒಂದೇ ಹಿಡಿತದಲ್ಲಿರಬೇಕು. ಮೂತಿ ಒತ್ತುವ ಜಾಗ ಮುಂದಿನ ಪಟ್ಟಿಯ ನೆತ್ತಿಯ ಮೇಲೇ ಬರಬೇಕು, ಅಂಚಿನಿಂದ 6–7 ಮಿ.ಮೀ. ಹಿಂದೆ. 2 ಮಿ.ಮೀ. ದಪ್ಪದ ಅಲಗಿಗೆ 25 ಡಿಗ್ರಿಯ ಸಾಣೆ ಹಿಡಿದರೆ ಓರೆ ಮುಖವೇ 4.7 ಮಿ.ಮೀ. ಅಗಲವಿರುತ್ತದೆ, ಆದ್ದರಿಂದ ಅದಕ್ಕಿಂತ ಮುಂದೆ ಒತ್ತಲು ಜಾಗವೇ ಇಲ್ಲ.

ಇಷ್ಟಾದ ಮೇಲೆ, ತಳವನ್ನು ಮುಟ್ಟುವ ಮುನ್ನವೇ, ತೇಗದ ಅಡ್ಡತುದಿಯಲ್ಲಿ ಒಮ್ಮೆ ನಡೆಸಿ ನೋಡಿದಾಗ ಕುಣಿತ ನಿಂತಿತ್ತು, ಅಲಗು ವಾಲುವುದೂ ನಿಂತಿತ್ತು. ಬೀಟೆಯಲ್ಲಿ ನಾರು ಕೀಳುವುದು ಕಡಿಮೆಯಾಗಿರಲಿಲ್ಲ.

ತಳ

ತಳದ ಬಗ್ಗೆ ಎಲ್ಲೆಡೆ ಬೇಕಾದಷ್ಟು ಬರೆದಿದ್ದಾರೆ, ಇಲ್ಲಿ ತಪ್ಪುವ ಜಾಗಗಳನ್ನಷ್ಟೇ ಹೇಳಿದರೆ ಸಾಕು. ಅಲಗನ್ನು ತಳದಿಂದ ಒಂದೆರಡು ಮಿಲಿಮೀಟರ್ ಒಳಗೆಳೆದು, ಕ್ಯಾಪನ್ನು ಕೆಲಸದ ಬಿಗಿಯಲ್ಲೇ ಇಟ್ಟು ಉಜ್ಜಬೇಕು. ಬೀಡುಕಬ್ಬಿಣ ಗಟ್ಟಿ ಎನಿಸಿದರೂ ಬಿಗಿತಕ್ಕೆ ಒಂದಿಷ್ಟು ಬಾಗುತ್ತದೆ. ಸಡಿಲದಲ್ಲಿ ಸಮ ಮಾಡಿದ ತಳ ಬಿಗಿದಾಗ ಸಮ ಇರುವುದಿಲ್ಲ. ಅಡಿಗೆ 10 ಮಿ.ಮೀ. ಗಾಜು ಒಳ್ಳೆಯದು. ಗ್ರಾನೈಟ್ ಅಂಗಡಿಯ ಪಾಲಿಶ್ ತುಂಡು ಸುಲಭವಾಗಿ ಸಿಗುತ್ತದಾದರೂ ಅಡುಗೆ ಕಟ್ಟೆಗೆಂದು ಪಾಲಿಶ್ ಮಾಡಿದ ಕಲ್ಲಿನಲ್ಲಿ ಅಲೆ ಇರುವುದುಂಟು. ಸ್ಕೇಲ್ ನಿಲ್ಲಿಸಿ ನೋಡದೆ ನಂಬಬೇಡಿ.

ತಳದ ತುಂಬ ಮಾರ್ಕರಿನಿಂದ ಅಡ್ಡಗೆರೆ ಎಳೆದು, 80ರಿಂದ ಶುರುಮಾಡಿ 120, 220ಕ್ಕೆ ಹೋಗಬಹುದು. 400ರ ಮೇಲೆ ಹೋದರೆ ಹೊಳಪು ಸಿಗುತ್ತದೆಯೇ ಹೊರತು ಕೆಲಸ ಬದಲಾಗದು. ಕೈಯನ್ನು ಬಾಯಿಯ ಸುತ್ತ, ಆದಷ್ಟು ಕೆಳಗೆ ಇಟ್ಟು ಒತ್ತಿ. ಹಿಮ್ಮಡಿ ಹಿಡಿದು ತಳ್ಳಿದರೆ ಪ್ರತಿ ತಳ್ಳಿಗೂ ಮೂತಿ, ಎಳೆತಕ್ಕೂ ಹಿಮ್ಮಡಿ ಹೆಚ್ಚು ಸವೆದು ತಳ ದೋಣಿಯ ಹೊಟ್ಟೆಯಾಗುತ್ತದೆ. ತಗ್ಗಿದ ತಳಕ್ಕಿಂತ ಉಬ್ಬಿದ ತಳ ಕೆಟ್ಟದು. ಒಂದಿಷ್ಟು ತಳ್ಳಿದ ಮೇಲೆ ಕೀಸುಳಿಯನ್ನು ತಿರುಗಿಸಿ ಹಿಡಿಯಬೇಕು. ಮೂತಿ, ಬಾಯಿಯ ಮುಂದಿನ ಪಟ್ಟಿ, ಹಿಮ್ಮಡಿ ಈ ಮೂರು ಕಡೆ ಮಾರ್ಕರ್ ಗೆರೆ ಅಳಿದರೆ ಮುಗಿಯಿತು. ನಡುವೆ ಅಲ್ಲಲ್ಲಿ ಉಳಿದ ಗೆರೆಯ ಬಗ್ಗೆ ಚಿಂತೆ ಬೇಡ. ಕಪ್ಪು ಪುಡಿ ಮೂಗಿಗೆ ಹೋಗದಂತೆ ಮಾಸ್ಕ್ ಹಾಕಿಕೊಳ್ಳಿ, ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿದ ಅಯಸ್ಕಾಂತದಿಂದ ಪುಡಿ ಎತ್ತಿ.

ಇಲ್ಲಿ ತಳ ಸವೆದದ್ದು 0.06 ಮಿ.ಮೀ. ಬಾಯಿ ಇನ್ನೂ 0.16 ತೆರೆಯಿತು. 0.8ರಲ್ಲಿದ್ದ ಬಾಯಿ ಈಗ 1.1 ಮಿ.ಮೀ. ಆಯಿತು. ಹಾಸು, ತಳ ಎರಡನ್ನೂ ಸರಿಮಾಡಿದ ಮೇಲೆ ಕೀಸುಳಿ ಬೀಟೆಯಲ್ಲಿ ಮೊದಲಿಗಿಂತ ಕೆಟ್ಟದಾಗಿ ನಡೆಯಿತು ಎಂದು ಕೆಲವರು ದೂರುವುದುಂಟು, ಅದಕ್ಕೆ ಕಾರಣ ಇದೇ. ತಳದ ಅಂಚುಗಳನ್ನೂ ಮೂಲೆಗಳನ್ನೂ ಅರದಿಂದ ಅರ್ಧ ಮಿಲಿಮೀಟರ್ ಮುರಿದಿಡಿ. ಚೂಪಾಗಿ ಬಿಟ್ಟರೆ ಬಾಗಿಲಿನ ಮೈಗೆ ಗೀರು ಬೀಳುತ್ತದೆ.

ಬಾಯಿ ಮುಚ್ಚುವುದು

ದಪ್ಪ ಅಲಗು ತಂದು ಹಾಕಿದರೆ ಬಾಯಿ ಮುಚ್ಚುತ್ತದೆ ಎಂಬ ಸಲಹೆ ದೊಡ್ಡ ಕೀಸುಳಿಗೆ ಸರಿ. ಅಲ್ಲಿ ಓರೆ ಮುಖ ಕೆಳಗಿರುತ್ತದೆ, ಕೊಯ್ಯುವ ಅಂಚು ಅಲಗಿನ ಮೇಲ್ಮೈಯಲ್ಲಿರುತ್ತದೆ, ದಪ್ಪ ಹೆಚ್ಚಿದಷ್ಟೂ ಅಂಚು ಮುಂದೆ ಬರುತ್ತದೆ. ಬ್ಲಾಕ್ ಪ್ಲೇನಿನಲ್ಲಿ ಅಂಚು ಹಾಸಿಗೆ ಅಂಟಿಕೊಂಡಿರುವುದರಿಂದ ಅಲಗು ಎಷ್ಟು ದಪ್ಪವಾದರೂ ಅಂಚು ಅಲ್ಲೇ ಇರುತ್ತದೆ. ಹಣ ಖರ್ಚಾಗುತ್ತದೆ, ಬಾಯಿ ಇದ್ದಷ್ಟೇ ಇರುತ್ತದೆ, ಕೆಲವು ಒಡಲಿನಲ್ಲಿ ಕ್ಯಾಪೂ ಕೂರುವುದಿಲ್ಲ. ಅಲಗನ್ನು ಮುಂದೆ ತರಲು ಉಳಿದ ದಾರಿ ಹಾಸನ್ನೇ ಎತ್ತರಿಸುವುದು.

ಎಷ್ಟು ಎತ್ತರಿಸಬೇಕು? ಗುರಿ 0.4 ಮಿ.ಮೀ. ಬಾಯಿ. ಬಾಗಿಲಂಚಿನಲ್ಲಿ 0.15 ಮಿ.ಮೀ. ದಪ್ಪದ ಸುರುಳಿ ತೆಗೆದರೂ ಸಿಕ್ಕದಷ್ಟು ಅಗಲ, ಬೀಟೆಯ ತೆಳು ಕೆಲಸಕ್ಕೂ ಒಂದಿಷ್ಟು ನೆರವಾಗುವಷ್ಟು ಇಕ್ಕಟ್ಟು. 1.1ರಿಂದ 0.4ಕ್ಕೆ ಬರಲು 0.7 ಮುಚ್ಚಬೇಕು, ಅಂದರೆ 0.24 ಮಿ.ಮೀ. ತಗಡು. ಆದರೆ ಗುರಿಗಿಂತ ಸ್ವಲ್ಪ ಹೆಚ್ಚೇ ಮುಚ್ಚುವಂತೆ ಲೆಕ್ಕ ಹಾಕಬೇಕು. ಇಕ್ಕಟ್ಟಾದ ಬಾಯಿಯನ್ನು ಅರದಿಂದ ತೆರೆಯಬಹುದು, ಹಿರಿದಾದದ್ದನ್ನು ಅರ ಮುಚ್ಚುವುದಿಲ್ಲ. ಅಂಟಿನ ಪದರಕ್ಕೂ ದಪ್ಪವಿದೆ. 0.25 ಮಿ.ಮೀ.ನ ಹಿತ್ತಾಳೆ ತಗಡು, ಅಂಟು 0.03 ಸೇರಿ 0.28, ಬಾಯಲ್ಲಿ 0.82. ಉಳಿಯುವುದು 0.28 ಅಥವಾ 0.29. ಅಲ್ಲಿಂದ ಅರದಿಂದ 0.1 ತೆಗೆದರೆ ಗುರಿ ಮುಟ್ಟುತ್ತದೆ.

ಹಿತ್ತಾಳೆಯ ತೆಳು ತಗಡು ಯಂತ್ರದ ಬಿಡಿಭಾಗಗಳ ಅಂಗಡಿಯಲ್ಲಿ ಸಿಗುತ್ತದೆ. ಸಿಗದಿದ್ದರೆ ಫೀಲರ್ ಗೇಜಿನ ಎಲೆಯನ್ನೇ ಕತ್ತರಿಸಬಹುದು. ತಂಪುಪಾನೀಯದ ಡಬ್ಬಿಯ ಅಲ್ಯೂಮಿನಿಯಂ ಸುಮಾರು 0.1 ಮಿ.ಮೀ. ಇರುತ್ತದೆ, ಒಂದು ಪದರವಾದರೆ ಸರಿ, ಎರಡು ಮೂರು ಪದರ ಅಂಟಿಸಿದರೆ ನಡುವಿನ ಅಂಟೇ ಮೆತ್ತೆಯಾಗಿ ಕುಣಿತ ಮರಳಿ ಬರುತ್ತದೆ. ಕಾಗದವೂ ರಟ್ಟೂ ಬೇಡ. ಅವು ಒತ್ತಡಕ್ಕೆ ಕುಗ್ಗುತ್ತವೆ, ಮಳೆಗಾಲದಲ್ಲಿ ತೇವ ಹಿಡಿದು ಅಲಗಿಗೆ ತುಕ್ಕು ತರುತ್ತವೆ.

ಎರಡು ತುಂಡು ಬೇಕು: ಮುಂದಿನ ಪಟ್ಟಿಗೆ 40 × 8 ಮಿ.ಮೀ., ಹಿಂದಿನ ಆಸರೆಗೆ 40 × 10 ಮಿ.ಮೀ. ಹಿಂದೆ ಮಾತ್ರ ಹಾಕಿದರೆ ಅಲಗು ಮುಂದಿನ ಪಟ್ಟಿಯ ತುದಿಯ ಮೇಲೆ ನಿಲ್ಲುತ್ತದೆ, ಮುಂದೆ ಮಾತ್ರ ಹಾಕಿದರೆ ಪಟ್ಟಿಯ ಹಿಂಬದಿಯ ಮೇಲೆ ನಿಂತು ಬಾಯಿಯ ಬಳಿ ಸಂದಿ ಬೀಳುತ್ತದೆ. ಕಷ್ಟಪಟ್ಟು ಸಮ ಮಾಡಿದ ಹಾಸು ಎರಡೂ ಸಂದರ್ಭದಲ್ಲಿ ವ್ಯರ್ಥ. ಕತ್ತರಿಯಲ್ಲಿ ಕತ್ತರಿಸಿದ ತಗಡಿನ ಅಂಚು ಒಂದು ಬದಿಗೆ ಮಡಚಿಕೊಂಡಿರುತ್ತದೆ. ಗಾಜಿನ ಮೇಲೆ ಎಣ್ಣೆಕಲ್ಲಿನಿಂದ ಉಜ್ಜಿ ಚಪ್ಪಟೆ ಮಾಡದೆ ಅಂಟಿಸಬೇಡಿ.

ಹಾಸು ಮತ್ತು ತಗಡು ಎರಡನ್ನೂ 120ರ ಕಾಗದದಿಂದ ತುಸು ಒರಟು ಮಾಡಿ, ಅಸಿಟೋನಿನಲ್ಲಿ ಒರೆಸಬೇಕು. ಕಾಡಿಗೆಯ ಎಣ್ಣೆ ಒಂದು ಹನಿ ಉಳಿದರೂ ಅಂಟು ಹಿಡಿಯದು. ಅಂಟು ನಿಧಾನವಾಗಿ ಗಟ್ಟಿಯಾಗುವ ಎರಡು ಟ್ಯೂಬಿನ ಎಪಾಕ್ಸಿ. ಐದು ನಿಮಿಷದ್ದರಲ್ಲಿ ಹಿಂಡಿ ತೆಳು ಮಾಡಲು ಸಮಯ ಸಿಗುವುದಿಲ್ಲ. ಕ್ಷಣದಲ್ಲಿ ಹಿಡಿಯುವ ಅಂಟಂತೂ ಬೇಡವೇ ಬೇಡ, ಈ ಕೀಸುಳಿಯಲ್ಲಿ ಅಲಗನ್ನು ಸುತ್ತಿಗೆಯಿಂದ ತಟ್ಟುತ್ತಲೇ ಇರಬೇಕಾದ್ದರಿಂದ ಅದು ಸಿಡಿದು ಬಿಡುತ್ತದೆ. ಅಲಗಿನ ಬೆನ್ನಿಗೆ ಮೇಣದಬತ್ತಿ ತಿಕ್ಕಿ ತೆಳು ಪದರ ಮಾಡಿ, ತಗಡುಗಳ ಮೇಲೆ ಕೂರಿಸಿ, ಕ್ಯಾಪ್ ಬಿಗಿದು, ಹಿಂಡಿ ಹೊರಬಂದ ಅಂಟನ್ನು ಕಡ್ಡಿಯಿಂದ ತೆಗೆದು ಒಂದು ದಿನ ಬಿಡಬೇಕು. ಅಲಗೇ ಅಚ್ಚಾಗುವುದರಿಂದ ಎರಡು ತಗಡೂ ಒಂದೇ ಸಮತಲದಲ್ಲಿ ನಿಲ್ಲುತ್ತವೆ. ಮುಂದಿನ ತಗಡು ತಳದಿಂದ ಕೂದಲೆಳೆಯಷ್ಟು ಹೊರಗಿರಲಿ, ಒಣಗಿದ ಮೇಲೆ ಅರದಿಂದ ತಳದ ಮಟ್ಟಕ್ಕೆ ತರಬಹುದು. ಒಳಗೆ ಉಳಿದರೆ ಅಂಚಿಗೆ ಆಸರೆ ತಪ್ಪುತ್ತದೆ.

ಬಾಯಿಯ ಮುಂಗೋಡೆ ತಿದ್ದುವಾಗ ಹಿಂದಿನ ಹಾಸಿಗೆ ಎರಡು ಪದರ ಟೇಪ್ ಹಚ್ಚಿ ಕಾಪಾಡಿ. ತಳದ ಮೇಲೆ ಮೂಲೆಮಟ್ಟದಿಂದ ಗೆರೆ ಗೀಚಿ, ಒಂದು ಮಗ್ಗುಲಲ್ಲಿ ಹಲ್ಲಿಲ್ಲದ ಸಣ್ಣ ಚಪ್ಪಟೆ ಅರದಿಂದ ಗೆರೆಯವರೆಗೆ ಮಾತ್ರ. ತಳದಿಂದ 1 ಮಿ.ಮೀ. ಎತ್ತರಕ್ಕೆ ಗೋಡೆ ನೇರ ನಿಲ್ಲಲಿ, ಅಲ್ಲಿಂದ ಮೇಲೆ 15 ಡಿಗ್ರಿಯಷ್ಟು ಮುಂದಕ್ಕೆ ವಾಲಲಿ. ಎರಕದಿಂದ ಬಂದಂತೆ ಬಿಟ್ಟ ಗೋಡೆ ಈ ಕೀಸುಳಿಯಲ್ಲಿ ಹಿಂದಕ್ಕೆ ವಾಲಿತ್ತು. ಬಾಯಿ ಕೆಳಗೆ ಹಿರಿದು, ಮೇಲೆ ಕಿರಿದು. ಗಂಟು ಕಟ್ಟಲು ಉಳಿದರ್ಧ ಕಾರಣ ಇದು.

ಅಲಗು

ಪೆಟ್ಟಿಗೆಯಲ್ಲಿ ಬಂದ ಅಲಗಿನ ಒಂದು ಮೂಲೆ ನೀಲಿಯಾಗಿತ್ತು. ಗ್ರೈಂಡರಿನಲ್ಲಿ ಕಾಯ್ದ ಗುರುತು ಅದು. ಉಕ್ಕು 300 ಡಿಗ್ರಿ ಸೆಲ್ಸಿಯಸ್ ಹತ್ತಿರ ಕಾಯ್ದರೆ ನೀಲಿ ಬಣ್ಣ ಬರುತ್ತದೆ, ಅಷ್ಟರಲ್ಲಿ ಅದರ ಹದ ಇಳಿದಿರುತ್ತದೆ. ಬಣ್ಣ ಒರೆಸಿ ಹೋದರೂ ಮೆದುವಾದ ಉಕ್ಕು ಹಾಗೇ ಉಳಿಯುವುದರಿಂದ ನೀಲಿಯ ಆಚೆಗೆ ಒಂದು ಮಿಲಿಮೀಟರ್ ಸೇರಿಸಿ ಇಡೀ ಅಂಚನ್ನು ಹಿಂದಕ್ಕೆ ತರಬೇಕು. ಪ್ರತಿ ಬಾರಿ ಚಕ್ರಕ್ಕೆ ತಾಗಿಸಿದ ಮೇಲೂ ನೀರಿಗೆ ಅದ್ದಿ. ಬರಿ ಬೆರಳಿನಲ್ಲಿ ಅಂಚಿನ ಹತ್ತಿರ ಹಿಡಿದರೆ ಬಿಸಿ ಮೊದಲು ಬೆರಳಿಗೇ ತಿಳಿಯುತ್ತದೆ, ಕೈಗವಸು ಹಾಕಿದವರಿಗೆ ತಿಳಿಯುವುದಿಲ್ಲ.

ಬೆನ್ನನ್ನು ಅಂಚಿನಿಂದ 10–15 ಮಿ.ಮೀ. ವರೆಗೆ ಸಮ ಮಾಡಿ, 1000ದಿಂದ 6000ದ ಕಲ್ಲಿನವರೆಗೆ. ಅಲಗನ್ನು ಒಂದೇ ಕೋನದಲ್ಲಿ ನಿಲ್ಲಿಸಲು ಪಕ್ಕದಿಂದ ಹಿಡಿಯುವ ಸಾಮಾನ್ಯ ಸಾಣೆ ಗೈಡಿನಲ್ಲಿ ಕೀಸುಳಿ ಅಲಗು 50 ಮಿ.ಮೀ. ಹೊರಚಾಚಿದರೆ 25 ಡಿಗ್ರಿ, 38 ಮಿ.ಮೀ. ಚಾಚಿದರೆ 30 ಡಿಗ್ರಿ ಬರುತ್ತದೆ. ಈ ಕೀಸುಳಿಯಲ್ಲಿ ಕೊಯ್ಯುವ ಕೋನ ಎಂದರೆ ಹಾಸಿನ 20ಕ್ಕೆ ಸಾಣೆಯ ಕೋನ ಕೂಡಿಸಿದ್ದು. 25ರ ಸಾಣೆಗೆ 45 ಡಿಗ್ರಿ ಸಿಗುತ್ತದೆ, ಅಡ್ಡತುದಿಗೆ ಇದು ಚೆನ್ನ.

ಬೀಟೆಗೆ ಇದು ಸಾಲದು. ಬಾಯಿ 0.4ಕ್ಕೆ ಬಂದ ಮೇಲೂ 25 ಡಿಗ್ರಿಯ ಅಲಗಿನಲ್ಲಿ ನಾರು ಕೀಳುವುದು ಕಡಿಮೆಯಾಯಿತೇ ಹೊರತು ನಿಲ್ಲಲಿಲ್ಲ. ಬೀಟೆ, ಹಲಸಿನಂಥ ಮರದಲ್ಲಿ ಪಕ್ಕಪಕ್ಕದ ಪದರಗಳ ಎಳೆ ಎದುರು ಬದುರು ದಿಕ್ಕಿಗೆ ಓಡುತ್ತದೆ. ಯಾವ ಕಡೆಯಿಂದ ನಡೆಸಿದರೂ ಅರ್ಧ ಮರ ಎದುರೆಳೆಯೇ. ಅಲ್ಲಿ ಬಾಯಿಗಿಂತ ಕೋನ ದೊಡ್ಡದು. ಎರಡನೆಯ ಅಲಗೊಂದಕ್ಕೆ 35 ಡಿಗ್ರಿ ಸಾಣೆ ಹಿಡಿದು ಹಾಕಿದಾಗ ಕೊಯ್ಯುವ ಕೋನ 55ಕ್ಕೆ ಏರಿತು, ಅದೇ ಬೀಟೆ ಪಟ್ಟಿ ನುಣುಪಾಗಿ ಬಂತು. ದಪ್ಪ ರಟ್ಟಿನಲ್ಲಿ 35 ಡಿಗ್ರಿ ಕತ್ತರಿಸಿದ ಅಚ್ಚು ಇಟ್ಟುಕೊಂಡರೆ ಗೈಡಿನ ಚಾಚನ್ನು ಅದಕ್ಕೆ ಹೊಂದಿಸಬಹುದು. ತಳ್ಳಲು ಬಲ ಹೆಚ್ಚು ಬೇಕು, ಅಂಚು ಬೇಗ ಮೊಂಡಾಗುತ್ತದೆ, ಅಡ್ಡತುದಿಯಲ್ಲಿ ಈ ಅಲಗು ಕೆಲಸಕ್ಕೆ ಬಾರದು. ಆದ್ದರಿಂದಲೇ ಎರಡು ಅಲಗು. ಎರಡನೆಯದಕ್ಕೆ ಆಗುವ ಖರ್ಚು ಕೆಲವು ನೂರು ರೂಪಾಯಿ. ಇಡೀ ಪ್ರಕರಣದಲ್ಲಿ ಶ್ರಮಕ್ಕೆ ತಕ್ಕ ಫಲದ ಲೆಕ್ಕ ಹಾಕಿದರೆ ಹಾಸು ಮೊದಲು, ಎರಡನೆಯ ಅಲಗು ಆಮೇಲೆ, ತಗಡು ಮೂರನೆಯದು. ಸಮಯವಿಲ್ಲದವರು ತಗಡನ್ನು ಬಿಟ್ಟರೂ ನಡೆದೀತು.

ಸಾಣೆಯ ವಿಷಯದಲ್ಲಿ ಇನ್ನೊಂದು. ತೇಗದಲ್ಲಿ ಸಿಲಿಕಾ ಇರುವುದರಿಂದ ಅಲಗು ಬೇಗ ಸವೆಯುತ್ತದೆ. ಓರೆ ಮುಖ ಮೇಲಿರುವ ಅಲಗಿನಲ್ಲಿ ಮರಕ್ಕೆ ಉಜ್ಜುವ ಬೆನ್ನಿನ ಕಡೆಯೂ ಸವೆಯುತ್ತದೆ. ಓರೆ ಮುಖಕ್ಕೆ ನಾಲ್ಕು ಎಳೆತ ಕೊಟ್ಟು ಚೂಪಾಯಿತು ಎಂದುಕೊಂಡರೆ ಬೆನ್ನಿನ ಸವೆದ ಗೆರೆ ಉಳಿದೇ ಇರುತ್ತದೆ. ಬೆನ್ನನ್ನು ಬೆಳಕಿಗೆ ಓರೆಯಾಗಿ ಹಿಡಿದರೆ ಅಂಚಿನುದ್ದಕ್ಕೆ ಹೊಳೆಯುವ ಸಣ್ಣ ಗೆರೆ ಕಾಣುತ್ತದೆ. ಅದು ಮಾಯವಾಗುವವರೆಗೆ ಓರೆ ಮುಖವನ್ನು ಸಾಣೆ ಹಿಡಿಯಬೇಕು.

ಬಾಗಿಲ ಮೇಲೆ

ಅಲಗು ಹೊಂದಿಸುವ ಕ್ರಮ: ಕೀಸುಳಿಯನ್ನು ಸಮತಟ್ಟಾದ ಮರದ ಮೇಲಿಟ್ಟು, ಅಲಗು ಮರಕ್ಕೆ ತಾಗುವವರೆಗೆ ಇಳಿಬಿಟ್ಟು, ತಿರುಪನ್ನು ಅರೆಬಿಗಿ ಮಾಡಿ. ಸಣ್ಣ ಹಿತ್ತಾಳೆ ಸುತ್ತಿಗೆಯಿಂದ ಅಲಗಿನ ಹಿಂತುದಿಗೆ ಮೆಲ್ಲಗೆ ತಟ್ಟಿದರೆ ಮುಂದೆ ಬರುತ್ತದೆ, ಒಡಲಿನ ಹಿಮ್ಮಡಿಗೆ ತಟ್ಟಿದರೆ ಅಲಗು ಹಿಂದೆ ಸರಿಯುತ್ತದೆ. ಎರಡು ಮೂಲೆಗಳಿಂದ ತೆಳು ಮರದ ಪಟ್ಟಿಯ ಮೇಲೆ ಒಂದೊಂದು ಸುರುಳಿ ತೆಗೆದು ದಪ್ಪ ಹೋಲಿಸಿ, ಸಮವಾದ ಮೇಲೆ ಪೂರ್ತಿ ಬಿಗಿಯಿರಿ. ಬೆರಳ ತುದಿಯ ಬಲ ಸಾಕು. ಇಕ್ಕಳ ಹಾಕಿ ಬಿಗಿದರೆ ಬಾಯಿಯ ಬಳಿ ತಳ ಬಾಗುತ್ತದೆ.

ಬಾಗಿಲಿನ ಮೇಲಂಚಿನಲ್ಲಿ ಎರಡು ಕೊನೆಗಳಲ್ಲಿ ನಿಲುಪಟ್ಟಿಯ ಅಡ್ಡತುದಿ, ನಡುವೆ ಅಡ್ಡಪಟ್ಟಿಯ ಉದ್ದೆಳೆ ಬರುತ್ತದೆ. ಹೊರಗಿನ ಮೂಲೆಯಿಂದ ನಡುವಿನ ಕಡೆಗೇ ನಡೆಸಬೇಕು. ನಡುವಿನಿಂದ ಹೊರಕ್ಕೆ ಹೋದರೆ ಕೊನೆಯಲ್ಲಿ ನಿಲುಪಟ್ಟಿಯ ಮೂಲೆ ಸಿಗಿದು ಬರುತ್ತದೆ. ಕೀಸುಳಿಯನ್ನು ನೇರವಾಗಿ ತಳ್ಳದೆ ತುಸು ಓರೆಯಾಗಿ ಹಿಡಿದರೆ ಅಡ್ಡತುದಿ ಹಗುರಾಗಿ ಕೊಯ್ಯುತ್ತದೆ. ತಿದ್ದಿದ ಕೀಸುಳಿ ಇಲ್ಲಿ ತೇಗದ ಅಡ್ಡತುದಿಯಿಂದ 0.05 ಮಿ.ಮೀ. ದಪ್ಪದ ತುಂಡಾಗದ ಸುರುಳಿ ಕೊಟ್ಟಿತು, ಅಡ್ಡಗೆರೆ ಒಂದೂ ಇರಲಿಲ್ಲ. ಬೀಗದ ಕಡೆಯ ಉದ್ದೆಳೆಯಲ್ಲಿ 0.15ರ ಸುರುಳಿ ಬಾಯಲ್ಲಿ ಸಿಕ್ಕದೆ ಹೊರಬಂತು. 0.2ಕ್ಕೆ ಏರಿಸಿದಾಗ ಮತ್ತೆ ಸಿಕ್ಕಲಾರಂಭಿಸಿತು. ಅಷ್ಟು ದಪ್ಪ ತೆಗೆಯುವುದಿದ್ದರೆ ದೊಡ್ಡ ಕೀಸುಳಿ ಹಿಡಿಯುವುದೇ ವಾಸಿ. ಕೆಳಗೆ ಬಿದ್ದು ಬಾಯಿಯ ಮೂಲೆಯಲ್ಲಿ ಬಿರುಕು ಕಂಡ ಕೀಸುಳಿಗೆ ಇಷ್ಟೆಲ್ಲ ಮಾಡುವುದು ದಂಡ. ಬೀಡುಕಬ್ಬಿಣದ ಆ ಬಿರುಕು ಬಿಗಿದಷ್ಟೂ ಓಡುತ್ತದೆ.

ತಳಕ್ಕೆ ಮೇಣದಬತ್ತಿಯಿಂದ ಎರಡು ಗೆರೆ ಎಳೆದರೆ ತಳ್ಳುವುದು ಎಷ್ಟು ಸಲೀಸಾಗುತ್ತದೆ ಎಂಬುದು ಒಮ್ಮೆ ಮಾಡಿದವರಿಗೆ ಗೊತ್ತು. ಸಿಲಿಕೋನ್ ಸ್ಪ್ರೇ ಮಾತ್ರ ಹಚ್ಚಬೇಡಿ, ಅದು ಮರಕ್ಕೆ ಅಂಟಿ ಮೇಲೆ ಬಳಿಯುವ ಪಾಲಿಶ್ ಕಣ್ಣು ಕಣ್ಣಾಗಿ ಒಡೆಯುತ್ತದೆ. ಕರಾವಳಿ, ಮಲೆನಾಡಿನ ಮಳೆಯಲ್ಲಿ ಬರಿ ಬೀಡುಕಬ್ಬಿಣ ಒಂದೇ ರಾತ್ರಿಯಲ್ಲಿ ಕೆಂಪಾಗಬಹುದು. ಕೆಲಸ ಮುಗಿದ ಮೇಲೆ ಅಲಗು ಬಿಚ್ಚಿ, ಹಾಸಿಗೂ ಬೆನ್ನಿಗೂ ಹೊಲಿಗೆ ಯಂತ್ರದ ಎಣ್ಣೆ ಒಂದು ಹನಿ ಒರೆಸಿ, ಕ್ಯಾಪನ್ನು ಸಡಿಲವಾಗಿ ಇಡಬೇಕು. ಅಲಗು ಮತ್ತೆ ಕೂರಿಸುವ ಮುನ್ನ ತಗಡಿನ ಮೇಲೆ ಮರದ ಪುಡಿ ಉಳಿದಿಲ್ಲವೆಂದು ಬೆರಳಾಡಿಸಿ ನೋಡಿ: 0.1 ಮಿ.ಮೀ. ದಪ್ಪದ ಒಂದು ಚೂರು ಅಡಿಯಲ್ಲಿದ್ದರೂ ಬಾಯಿ 0.29 ಮುಚ್ಚಿಕೊಳ್ಳುತ್ತದೆ, ಅದೂ ಒಂದೇ ಮಗ್ಗುಲಲ್ಲಿ.